ಯುರೋಪಿಯನ್ ಒಕ್ಕೂಟಕ್ಕೆ ಹೊಸ ದೇಶಗಳು ಸೇರಿದ ಮೇಲೆ ಅಲ್ಲಿನ ಹೊಳೆ, ಕಾಡು, ಹುಲ್ಲುಗಾವಲಿಗೆ ಏನಾಯಿತು?

ಪ್ರಶ್ನೆ: ತುಂಗಾತೀರ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ನಮ್ಮ ಪರಿಸರ ಕೂಟದಲ್ಲಿ ಒಂದು ಚರ್ಚೆ ಇಟ್ಟುಕೊಂಡಿದ್ದೇವೆ. ಯುರೋಪಿಯನ್ ಒಕ್ಕೂಟಕ್ಕೆ 2004ರಲ್ಲಿ ಹತ್ತು, 2007ರಲ್ಲಿ ಎರಡು, 2013ರಲ್ಲಿ ಒಂದು ದೇಶ ಸೇರಿದವಲ್ಲ, ಅದರಿಂದ ಆ ದೇಶಗಳ ಪರಿಸರ ಸುಧಾರಿಸಿತೋ, ಕೆಟ್ಟಿತೋ? "ಕಾನೂನು ಬಂತು, ದುಡ್ಡು ಬಂತು, ಹೊಳೆ ಚೊಕ್ಕವಾಯಿತು" ಅಂತ ಒಂದು ಗುಂಪು. "ಹೆದ್ದಾರಿ ಬಂತು, ಗೊಬ್ಬರ ಬಂತು, ಹಳೇ ಬೇಸಾಯ ಹೋಯಿತು" ಅಂತ ಇನ್ನೊಂದು ಗುಂಪು. ಎರಡಕ್ಕೂ ಬೇಕಾದಷ್ಟು ಲೇಖನ ಸಿಗುತ್ತವೆ. ಆದರೆ ಯಾವ ಕಾನೂನಿನಿಂದ ಏನು ನಡೆಯಿತು, ಎಲ್ಲಿ ತಪ್ಪಿತು ಅನ್ನುವ ವಿವರ ಸಿಗುತ್ತಿಲ್ಲ. ಬಲ್ಲವರು ಅಂಕಿ ಅಂಶದ ಜೊತೆ ಬರೆದರೆ ಉಪಕಾರ. ನಮ್ಮ ಮಲೆನಾಡಿನ ಬೆಳೆಗಾರರಿಗೆ ಇದರಿಂದ ತಟ್ಟುವುದು ಏನಾದರೂ ಇದೆಯಾ ಅನ್ನುವುದನ್ನೂ ಹೇಳಿ.

ಕಾನುಮನೆ (ಸಾಗರ)

ಎರಡೂ ಗುಂಪು ನಿಜವನ್ನೇ ಹೇಳುತ್ತಿವೆ, ನೋಡುತ್ತಿರುವ ಜಾಗ ಬೇರೆ. ಕೊಳೆ ಒಂದೇ ಬಾಯಿಂದ ಹೊರಬರುತ್ತಿದ್ದರೆ, ಅಂದರೆ ಕೊಳವೆ, ಚಿಮಣಿ, ರಿಯಾಕ್ಟರ್ ಇದ್ದಲ್ಲಿ, ಒಕ್ಕೂಟ ಅದನ್ನು ಹಿಡಿದು ನಿಲ್ಲಿಸಿದೆ. ಊರಗಲ ಹರಡಿಕೊಂಡಿದ್ದನ್ನು, ಅಂದರೆ ಮನೆ ಒಲೆಯ ಹೊಗೆ, ಹುಲ್ಲುಗಾವಲು, ಹೊಲದ ಬದು, ಇವನ್ನು ಕಾಯಲು ಅದರ ಕೈ ಸಾಲಲಿಲ್ಲ. ಕೆಲವು ಕಡೆ ಅದರ ದುಡ್ಡೇ ಕೆಡಿಸಿತು.

ಸೇರುವ ಕ್ರಮ ಗೊತ್ತಿದ್ದರೆ ಉಳಿದದ್ದು ಸುಲಭ. ಅರ್ಜಿ ಹಾಕಿದ ದೇಶ ಒಕ್ಕೂಟದ ಅಷ್ಟೂ ಕಾನೂನನ್ನು ತನ್ನ ಕಾನೂನು ಮಾಡಿಕೊಳ್ಳಬೇಕು. ಅದನ್ನು ಅಧ್ಯಾಯಗಳಾಗಿ ಹಂಚಿದ್ದಾರೆ. ಪರಿಸರಕ್ಕೆ 2004ರ ಸುತ್ತಿನಲ್ಲಿ 22ನೇ ಅಧ್ಯಾಯವಿತ್ತು, ಈಗ 27ನೇದು. ಇದೊಂದರಲ್ಲೇ ಇನ್ನೂರಕ್ಕೂ ಹೆಚ್ಚು ಮುಖ್ಯ ಕಾಯ್ದೆ, ನಿಯಮಗಳಿವೆ. ಮೊದಲು ಕಾನೂನು ಕಾನೂನಾಗಿ ಹೋಲಿಸಿ ನೋಡುತ್ತಾರೆ, ಆಮೇಲೆ ಅಧ್ಯಾಯ ತೆರೆಯುತ್ತಾರೆ, ಇಂತಿಂಥದ್ದು ಆದರೆ ಮಾತ್ರ ಮುಚ್ಚುತ್ತೇವೆ ಅಂತ ಷರತ್ತು ಹಾಕುತ್ತಾರೆ. ಕೂಡಲೇ ಆಗದ, ದುಡ್ಡು ನುಂಗುವ ಕೆಲಸಕ್ಕೆ ವಾಯಿದೆ ಕೊಡುತ್ತಾರೆ. ಆ ವಾಯಿದೆ ಸೇರ್ಪಡೆ ಒಪ್ಪಂದದ ಅನುಬಂಧದಲ್ಲಿ ತಾರೀಖು ಸಮೇತ ಅಚ್ಚಾಗಿರುತ್ತದೆ.

ಈ ತಾರೀಖಿನಲ್ಲೇ ಎಲ್ಲ ಬಲ ಇರುವುದು. ಲಿಥುವೇನಿಯಾದ ಇಗ್ನಾಲಿನಾ ಅಣುಸ್ಥಾವರ ನೋಡಿ. ಎರಡು ಆರ್‌ಬಿಎಂಕೆ ರಿಯಾಕ್ಟರ್, ಚೆರ್ನೋಬಿಲ್ ಜಾತಿಯವು. ನಮ್ಮ ಕೈಗಾದ ಭಾರಜಲದ ರಿಯಾಕ್ಟರಿಗೆ ಇರುವಂಥ ಗಟ್ಟಿ ಗುಮ್ಮಟ ಇವಕ್ಕಿಲ್ಲ. ಆ ದೇಶದ ಕರೆಂಟಿನಲ್ಲಿ ಹೆಚ್ಚಿನ ಪಾಲು ಇಲ್ಲಿಂದಲೇ ಬರುತ್ತಿತ್ತು. ಆದರೂ ಒಪ್ಪಂದದ ಪ್ರಕಾರ ಮೊದಲನೆಯದು 2004 ಡಿಸೆಂಬರ್ 31ಕ್ಕೆ, ಎರಡನೆಯದು 2009 ಡಿಸೆಂಬರ್ 31ಕ್ಕೆ ನಿಂತವು. ಸ್ಲೊವಾಕಿಯಾದ ಬೊಹುನಿಸೆಯ ಹಳೇ ಎರಡು ಘಟಕ 2006 ಮತ್ತು 2008ರಲ್ಲಿ ನಿಂತವು. ಬಲ್ಗೇರಿಯಾದ ಕೊಜ್ಲೊದುಯ್‌ನಲ್ಲಿ ಮೊದಲೆರಡು 2002ರ ಕೊನೆಗೆ, ಮೂರು ಮತ್ತು ನಾಲ್ಕನೆಯದು 2006ರ ಕೊನೆಗೆ, ಅಂದರೆ ಒಕ್ಕೂಟ ಸೇರುವ ಹಿಂದಿನ ದಿನಗಳಲ್ಲಿ ನಿಂತವು. ಇದರ ಇನ್ನೊಂದು ಮಗ್ಗುಲೂ ಇದೆ. ಲಿಥುವೇನಿಯಾ ಮರುದಿನದಿಂದಲೇ ಗ್ಯಾಸ್ ಸುಡಬೇಕಾಯಿತು, ಹೊರಗಿಂದ ಕರೆಂಟು ಕೊಳ್ಳಬೇಕಾಯಿತು.

ಚಿಮಣಿಯ ಕಥೆಯೂ ಇದೇ ಜಾಡಿನದು. ಕಲ್ಲಿದ್ದಲಿನ ಹೊಗೆಗೆ ಸುಣ್ಣಕಲ್ಲಿನ ಹಾಲು ಸಿಂಪಡಿಸಿ ಗಂಧಕ ಹಿಡಿಯುವ ಗೋಪುರ ಕಟ್ಟಬೇಕು. 1 ಟನ್ ಗಂಧಕದ ಡೈಆಕ್ಸೈಡಿಗೆ ಸುಮಾರು 1.6 ಟನ್ ಸುಣ್ಣಕಲ್ಲು ಬೇಕು, ಕೊನೆಗೆ 2.7 ಟನ್ ಜಿಪ್ಸಮ್ ಹೊರಬೀಳುತ್ತದೆ. ಜೆಕ್, ಪೋಲೆಂಡ್, ಪೂರ್ವ ಜರ್ಮನಿ ಸೇರುವ ಮೂಲೆಯನ್ನು "ಕಪ್ಪು ತ್ರಿಕೋನ" ಅನ್ನುತ್ತಿದ್ದರು. ಆಮ್ಲಮಳೆಗೆ ಸ್ಪ್ರೂಸ್ ಕಾಡು ಗುಡ್ಡ ಗುಡ್ಡವೇ ಒಣಗಿ ನಿಂತಿತ್ತು. ಅಲ್ಲಿನ ಸ್ಥಾವರಗಳಿಗೆ ಈ ಗೋಪುರ ಬಂದದ್ದು 1990ರ ದಶಕದಲ್ಲೇ, ಸೇರುವ ತಯಾರಿಯ ಕಾಲದಲ್ಲಿ.

ಆದರೆ ಮನೆ ಒಲೆಗೆ ಗೋಪುರ ಕಟ್ಟಲು ಬರುವುದಿಲ್ಲ. ದೂಳಿನ ಕಣ ಮಿತಿ ಮೀರಿದೆ ಅಂತ ಒಕ್ಕೂಟದ ನ್ಯಾಯಾಲಯ ಬಲ್ಗೇರಿಯಾದ ಮೇಲೆ 2017ರಲ್ಲಿ, ಪೋಲೆಂಡಿನ ಮೇಲೆ 2018ರಲ್ಲಿ ತೀರ್ಪು ಕೊಟ್ಟಿತು. ಎರಡೂ ಕಡೆ ಚಳಿಗಾಲದಲ್ಲಿ ಮನೆಗಳಲ್ಲಿ ಉರಿಸುವ ಕಲ್ಲಿದ್ದಲು, ಕಟ್ಟಿಗೆಯೇ ದೊಡ್ಡ ಕಾರಣ. ಕ್ರಾಕೋವ್ ನಗರ ಕಲ್ಲಿದ್ದಲು, ಕಟ್ಟಿಗೆ ಎರಡನ್ನೂ ಉರಿಸದಂತೆ ನಿಷೇಧ ಜಾರಿ ಮಾಡಿದ್ದು 2019ರ ಸೆಪ್ಟೆಂಬರ್ 1ರಂದು, ದೇಶ ಒಕ್ಕೂಟ ಸೇರಿ ಹದಿನೈದು ವರ್ಷದ ಮೇಲೆ.

ಒಳಚರಂಡಿ (ಶಿವಮೊಗ್ಗ)

ಹೊಳೆ ಚೊಕ್ಕವಾಯಿತು ಅನ್ನುವ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ. ಈ ಸೇರ್ಪಡೆಯಲ್ಲಿ ಅತಿ ಹೆಚ್ಚು ದುಡ್ಡು ಕೇಳಿದ ಕೆಲಸಗಳಲ್ಲಿ ಇದೂ ಒಂದು.

ಕಾನೂನು 1991ರದ್ದು, ನಗರದ ಕೊಳಚೆ ನೀರಿನ ನಿರ್ದೇಶನ (ನಿರ್ದೇಶನ ಅಂದರೆ ಸದಸ್ಯ ದೇಶಗಳು ತಮ್ಮ ಕಾನೂನಿಗೆ ಇಳಿಸಿಕೊಳ್ಳಬೇಕಾದ ಒಕ್ಕೂಟದ ಕಾನೂನು). ಅದರ ಅಳತೆಗೋಲು "ಒಬ್ಬ ಮನುಷ್ಯನ ಸಮ": ದಿನಕ್ಕೆ 60 ಗ್ರಾಂ ಬಿಒಡಿ (ಕೊಳೆಯನ್ನು ಅರಗಿಸಲು ಬ್ಯಾಕ್ಟೀರಿಯಾಕ್ಕೆ ಬೇಕಾಗುವ ಆಮ್ಲಜನಕ). ಇಂಥ 2,000 ಸಮಕ್ಕಿಂತ ದೊಡ್ಡ ಊರಿಗೆಲ್ಲ ಒಳಚರಂಡಿ ಮತ್ತು ಶುದ್ಧೀಕರಣ ಘಟಕ ಕಡ್ಡಾಯ. ಹೊರಬೀಳುವ ನೀರಿನಲ್ಲಿ ಬಿಒಡಿ ಲೀಟರಿಗೆ 25 ಮಿಲಿಗ್ರಾಂ, ಸಿಒಡಿ (ರಾಸಾಯನಿಕವಾಗಿ ಅಳೆದ ಆಮ್ಲಜನಕದ ಬೇಡಿಕೆ) 125 ದಾಟಬಾರದು. ಪಾಚಿ ಕಟ್ಟುವ ಅಪಾಯ ಇರುವ "ಸೂಕ್ಷ್ಮ" ಜಲಪ್ರದೇಶವಾದರೆ ಇನ್ನೂ ಬಿಗಿ. 1 ಲಕ್ಷ ಸಮಕ್ಕಿಂತ ದೊಡ್ಡ ಊರಿಗೆ ಒಟ್ಟು ಸಾರಜನಕ 10, ರಂಜಕ 1 ಮಿಲಿಗ್ರಾಂ. ಅದಕ್ಕಿಂತ ಚಿಕ್ಕ, 10 ಸಾವಿರದ ಮೇಲಿನ ಊರಿಗೆ 15 ಮತ್ತು 2. ಪೋಲೆಂಡಿನ ನೀರು ಹೆಚ್ಚುಕಡಿಮೆ ಎಲ್ಲ ಬಾಲ್ಟಿಕ್ ಸಮುದ್ರಕ್ಕೆ ಹೋಗುವುದರಿಂದ ಇಡೀ ದೇಶವೇ ಸೂಕ್ಷ್ಮ ಪ್ರದೇಶದ ಲೆಕ್ಕಕ್ಕೆ ಬಂತು.

ನಮ್ಮೂರಿಗೆ ಇದೇ ಕಾನೂನು ಹಾಕಿ ನೋಡಿ, ಅಳತೆ ಅರ್ಥವಾಗುತ್ತದೆ. 2011ರ ಜನಗಣತಿಯಲ್ಲಿ ಶಿವಮೊಗ್ಗ ನಗರಕ್ಕೆ ಸುಮಾರು 3.22 ಲಕ್ಷ ಜನ. 60 ಗ್ರಾಂನಂತೆ ದಿನಕ್ಕೆ 19 ಟನ್ನಿಗೂ ಮೇಲೆ ಬಿಒಡಿ. ತಲೆಗೆ 135 ಲೀಟರ್ ನೀರು ಕೊಟ್ಟು, ಅದರ ಶೇ. 80 ಚರಂಡಿಗೆ ಬಂದರೆ ದಿನಕ್ಕೆ ಸುಮಾರು 3.5 ಕೋಟಿ ಲೀಟರ್ ಕೊಳಚೆ. ಅದನ್ನು 25 ಮಿಲಿಗ್ರಾಂಗೆ ಇಳಿಸಿದರೆ ತುಂಗೆಗೆ ಸೇರುವುದು 900 ಕಿಲೋಗಿಂತ ಕಡಿಮೆ. ರಂಜಕ ದಿನಕ್ಕೆ 35 ಕಿಲೋ ದಾಟುವಂತಿಲ್ಲ. ನಮ್ಮ ದೇಶದ 2017ರ ಅಧಿಸೂಚನೆ ಬಿಒಡಿಗೆ ಮಿತಿ ಹಾಕಿದೆ, ಸಾರಜನಕ ಮತ್ತು ರಂಜಕಕ್ಕೆ ಹಾಕಿಲ್ಲ. ಕೆಳಗಿನ ಊರುಗಳಲ್ಲಿ ಬೇಸಿಗೆಗೆ ಹೊಳೆ ಹಸಿರುಗಟ್ಟುವುದಕ್ಕೆ ಈ ಎರಡೇ ಮೂಲ. ಆದ್ದರಿಂದ ಇದು ಸಣ್ಣ ವ್ಯತ್ಯಾಸ ಅಲ್ಲ ಅಂತಲೇ ಹೇಳುತ್ತೇನೆ.

ವಾಯಿದೆ: ಜೆಕ್‌ಗೆ 2010, ಪೋಲೆಂಡ್, ಹಂಗೇರಿ, ಸ್ಲೊವಾಕಿಯಾಕ್ಕೆ 2015, ರೊಮೇನಿಯಾಕ್ಕೆ 2018ರ ಕೊನೆ. ದೊಡ್ಡ ಊರುಗಳಲ್ಲಿ ಕೆಲಸ ಬೇಗ ಆಯಿತು. ರೊಮೇನಿಯಾದ ಚಿಕ್ಕ ಊರುಗಳು ವಾಯಿದೆ ಮುಗಿದರೂ ಹಿಂದೆಯೇ ಉಳಿದವು.

ಎಲ್ಲಿ ತಪ್ಪುತ್ತದೆ ಅಂದರೆ, ಘಟಕ ಕಟ್ಟಲು ಒಕ್ಕೂಟದ ನಿಧಿ ಬಹುಪಾಲು ಖರ್ಚು ಕೊಡುತ್ತದೆ, ನಡೆಸುವ ಖರ್ಚು ಊರಿನದೇ. ಗಾಳಿ ಊದುವ ಬ್ಲೋವರ್‌ಗಳ ಕರೆಂಟು ಬಿಲ್ಲೇ ಅದರಲ್ಲಿ ದೊಡ್ಡದು. ಊರಿನ ಜನ ಪಶ್ಚಿಮಕ್ಕೆ ದುಡಿಯಲು ಹೋದರು, ಆದರೆ ಘಟಕವನ್ನು ಹಳೇ ಜನಸಂಖ್ಯೆಗೆ ಲೆಕ್ಕ ಹಾಕಿ ಕಟ್ಟಿದರು. ಬರುವ ಕೊಳಚೆ ಕಡಿಮೆಯಾದರೆ ಟ್ಯಾಂಕಿನಲ್ಲಿರುವ ಬ್ಯಾಕ್ಟೀರಿಯಾಕ್ಕೆ ಆಹಾರ ಸಾಲದು, ಗಸಿ ಗಟ್ಟಿಯಾಗಿ ಕೂರುವುದಿಲ್ಲ, ತೇಲಿ ನೀರಿನ ಜೊತೆ ಹೊರಗೆ ಹೋಗುತ್ತದೆ. ಡ್ಯಾನ್ಯೂಬ್ ಕಣಿವೆಯ ನಾಲ್ಕು ದೇಶಗಳ ಘಟಕಗಳನ್ನು ಒಕ್ಕೂಟದ ಲೆಕ್ಕಪರಿಶೋಧಕರು 2015ರಲ್ಲಿ ನೋಡಿದಾಗ ಬೇಕಾದ್ದಕ್ಕಿಂತ ದೊಡ್ಡದಾಗಿ ಕಟ್ಟಿದವು ಕಂಡವು. ಇನ್ನೊಂದು ತೊಡಕು ಮನೆಯ ಸಂಪರ್ಕ. ರಸ್ತೆಯಡಿ ಪೈಪ್ ಬಂದಿರುತ್ತದೆ, ಮನೆಯಿಂದ ಅಲ್ಲಿಯವರೆಗಿನ ಹತ್ತು ಮೀಟರ್ ಖರ್ಚು ಮನೆಯವರದ್ದು, ಹಳೇ ಗುಂಡಿ ಹೇಗೂ ನಡೆಯುತ್ತಿದೆ. ನಮ್ಮ ಊರುಗಳ ಯುಜಿಡಿ (ಒಳಚರಂಡಿ) ಕೆಲಸ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸಾರಜನಕದ ಬಗ್ಗೆ ಒಂದು ಸೂಕ್ಷ್ಮ. ಅದನ್ನು ತೆಗೆಯುವ ಬ್ಯಾಕ್ಟೀರಿಯಾ ಚಳಿಗೆ ನಿಧಾನ. ಹಾಗಾಗಿ ಸಾರಜನಕದ ಮಿತಿಗೆ ನೀರಿನ ಉಷ್ಣಾಂಶ 12 ಡಿಗ್ರಿ ಅನ್ನುವುದನ್ನು ಕಾನೂನೇ ಆಧಾರವಾಗಿ ಇಟ್ಟುಕೊಂಡಿದೆ. ನಮ್ಮಲ್ಲಿ ಆ ಕಾರಣ ಹೇಳಿ ತಪ್ಪಿಸಿಕೊಳ್ಳಲು ಆಗದು. ನಮ್ಮ ನೀರು ವರ್ಷವಿಡೀ ಅದಕ್ಕಿಂತ ಬೆಚ್ಚಗಿರುತ್ತದೆ.

2024ರ ಹೊಸ ನಿರ್ದೇಶನ ಮಿತಿಯನ್ನು 2,000ದಿಂದ 1,000 ಸಮಕ್ಕೆ ಇಳಿಸಿದೆ. ಇನ್ನು ಸೇರುವ ದೇಶಗಳು ಇದನ್ನೂ ಹೊರಬೇಕು.

ತುಂಗಾತೀರ

ಬಹಳ ಉಪಯೋಗವಾಯಿತು, ಇಬ್ಬರಿಗೂ ವಂದನೆ. ಕಾನುಮನೆಯವರೇ, "ಅದರ ದುಡ್ಡೇ ಕೆಡಿಸಿತು" ಅಂದಿರಿ. ಅದು ಕೃಷಿ ಸಬ್ಸಿಡಿ ಬಗ್ಗೆಯಾ? ಅದನ್ನೊಂದು ಬಿಡಿಸಿ ಹೇಳುತ್ತೀರಾ?

ಬ್ಯಾಣದಂಚು (ಹೊಸನಗರ)

ಅದಕ್ಕೆ ನಾನು ಉತ್ತರಿಸುತ್ತೇನೆ, ಕಾನುಮನೆಯವರು ತಪ್ಪಿದ್ದರೆ ತಿದ್ದಲಿ.

ರೊಮೇನಿಯಾದ ಟ್ರಾನ್ಸಿಲ್ವೇನಿಯಾ ಗುಡ್ಡಗಳಲ್ಲಿ ಹುಲ್ಲು ಕೊಯ್ಯುವ ಮಾಳಗಳಿವೆ. ನಮ್ಮ ಮಲೆನಾಡಿನ ಬ್ಯಾಣ, ಅಂದರೆ ಹುಲ್ಲು ಕೊಯ್ಯಲು ಬಿಟ್ಟ ಜಾಗ, ನೆನೆಸಿಕೊಳ್ಳಿ. ಬ್ಯಾಣದಲ್ಲಿ ವರ್ಷಕ್ಕೊಮ್ಮೆ ಕರಡ (ಒಣಹುಲ್ಲು) ಕೊಯ್ದು, ಬೆಂಕಿ ಬೀಳದಂತೆ ನೋಡಿಕೊಂಡು, ಅಲ್ಲೊಂದು ಇಲ್ಲೊಂದು ಮತ್ತಿ, ನೆಲ್ಲಿ ಉಳಿಸಿಕೊಂಡರೆ ಅದು ಬ್ಯಾಣವಾಗಿ ಉಳಿಯುತ್ತದೆ. ಕೊಯ್ಯುವುದು ಬಿಟ್ಟರೆ ಹತ್ತು ಹದಿನೈದು ವರ್ಷದಲ್ಲಿ ಕುರುಚಲು, ಆಮೇಲೆ ಕಾಡು. ಗೊಬ್ಬರ ಸುರಿದರೆ ನಾಲ್ಕು ಜಾತಿ ಹುಲ್ಲು ಉಳಿದು ಮಿಕ್ಕಿದ್ದೆಲ್ಲ ಸಾಯುತ್ತದೆ. ಅಲ್ಲಿಯೂ ಹಾಗೆಯೇ. ನೂರಾರು ವರ್ಷ ಕುಡುಗೋಲಿನಲ್ಲಿ ಕೊಯ್ದದ್ದಕ್ಕೇ ಅಲ್ಲಿ ಆ ಹೂವು, ಆ ಚಿಟ್ಟೆ. ಬಿಟ್ಟರೂ ಕೆಡುತ್ತದೆ, ಹೆಚ್ಚು ದುಡಿಸಿದರೂ ಕೆಡುತ್ತದೆ. ಸೇರ್ಪಡೆಯಾದ ಮೇಲೆ ಎರಡೂ ಒಟ್ಟಿಗೆ ನಡೆದವು: ರಸ್ತೆ ಹತ್ತಿರದ, ಸಮತಟ್ಟಾದ ಜಾಗ ಟ್ರ್ಯಾಕ್ಟರ್ ಮತ್ತು ಗೊಬ್ಬರದ ಪಾಲು, ಮೇಲಿನ ಇಳಿಜಾರು ಹಾಳು ಬಿದ್ದದ್ದರ ಪಾಲು.

ಸಬ್ಸಿಡಿ ಹೆಕ್ಟೇರ್ ಲೆಕ್ಕ. 2004ರಲ್ಲಿ ಸೇರಿದವರಿಗೆ ಮೊದಲ ವರ್ಷ ಹಳೇ ಸದಸ್ಯರಿಗೆ ಸಿಗುವುದರ ಶೇ. 25, ಮುಂದೆ 30, 35, ಹೀಗೆ ಏರಿ 2013ಕ್ಕೆ ಶೇ. 100. ರೊಮೇನಿಯಾದಲ್ಲಿ ಇದನ್ನು ಪಡೆಯಲು ಕನಿಷ್ಠ 1 ಹೆಕ್ಟೇರ್ ಇರಬೇಕು, ಅದರಲ್ಲಿ ಪ್ರತಿ ತುಂಡೂ 0.3 ಹೆಕ್ಟೇರ್‌ಗಿಂತ ಚಿಕ್ಕದಿರಬಾರದು. ಅಂದರೆ ಸುಮಾರು 30 ಗುಂಟೆಗಿಂತ ಚಿಕ್ಕ ತುಂಡು ಲೆಕ್ಕಕ್ಕೇ ಇಲ್ಲ. ಈ ಮಾಳಗಳನ್ನು ಉಳಿಸಿಕೊಂಡು ಬಂದವರು ಇಂಥ ತುಂಡು ತುಂಡಿನ ಒಡೆಯರೇ.

ಇನ್ನು ಮರದ ಲೆಕ್ಕ. ಮೇವಿನ ಜಮೀನಿನಲ್ಲಿ ಹೆಕ್ಟೇರಿಗೆ 50 ಮರಕ್ಕಿಂತ ಹೆಚ್ಚಿದ್ದರೆ ಅದು ಕೃಷಿ ಜಮೀನಲ್ಲ ಅನ್ನುವುದು ಮೊದಲು ಇದ್ದ ಅಳತೆ. ಆಮೇಲೆ 100ಕ್ಕೆ ಏರಿಸಿದರು. ಪೊದೆ ಇದ್ದ ಜಾಗವನ್ನೂ ಉಪಗ್ರಹ ಚಿತ್ರ ನೋಡಿ ಕಳೆಯುತ್ತಿದ್ದರು. ರೈತರು ಏನು ಮಾಡಿಯಾರು? ಪೊದೆ ಸವರಿದರು, ಹಳೇ ಓಕ್, ಕಾಡುಪೇರಳೆ ಕಡಿದರು. ಟೊಳ್ಳು ಬಿದ್ದ ಹಳೇ ಓಕಿನಲ್ಲಿ ಮರಕುಟಿಗ, ಬಾವಲಿ, ಕೊರಕ ದುಂಬಿ, ಎಲ್ಲ ಇರುತ್ತವೆ. ಅದೇ ಒಕ್ಕೂಟದ ಇನ್ನೊಂದು ಕಾನೂನು ಆ ದುಂಬಿಗಳಲ್ಲಿ ಕೆಲವನ್ನು ಹೆಸರಿಟ್ಟು ಕಾಯುತ್ತದೆ! ಒಂದು ಕಚೇರಿ ಕಾಯಬೇಕು ಅಂದ ಮರಕ್ಕೆ ಇನ್ನೊಂದು ಕಚೇರಿ ದಂಡ ಹಾಕಿದ ಹಾಗಾಯಿತು.

ತಿದ್ದುವ ಯತ್ನವೂ ಆಯಿತು, ಅದನ್ನು ಹೇಳದಿದ್ದರೆ ಅನ್ಯಾಯ. ರೊಮೇನಿಯಾದಲ್ಲಿ ಇಂಥ ಮಾಳಗಳಿಗೆ ಬೇರೆ ಕೊಡುಗೆ ಇದೆ. ರಾಸಾಯನಿಕ ಗೊಬ್ಬರ ಹಾಕಬಾರದು, ಜುಲೈ 1ಕ್ಕಿಂತ ಮೊದಲು ಕೊಯ್ಯಬಾರದು, ಕೈಯಲ್ಲಿ ಕೊಯ್ದರೆ ಮೇಲೆ ಇನ್ನಷ್ಟು ಹಣ. ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗೆ ಇದರಿಂದ ಉಸಿರಾಡಲು ಸಮಯ ಸಿಕ್ಕಿತು. ಆದರೆ ಮೊದಲು ಒಬ್ಬರು ಜೂನ್‌ನಲ್ಲಿ, ಇನ್ನೊಬ್ಬರು ಆಗಸ್ಟಿನಲ್ಲಿ ಕೊಯ್ಯುತ್ತಿದ್ದ ಕಡೆ ಈಗ ಎಲ್ಲರೂ ಜುಲೈ ಮೊದಲ ವಾರಕ್ಕೇ ಇಳಿದರೆ ಚಿಟ್ಟೆಗೆ ಓಡಿಹೋಗಲು ಹೂವಿರುವ ತುಂಡು ಪಕ್ಕದಲ್ಲಿ ಉಳಿಯುವುದಿಲ್ಲ. ಇಡೀ ಮಾಳಕ್ಕೆ ಒಂದೇ ತಾರೀಖು ಇಡುವ ಬದಲು, ಪ್ರತಿ ವರ್ಷ ಒಂದು ಪಟ್ಟಿಯನ್ನು ಕೊಯ್ಯದೆ ಬಿಡಿ ಅನ್ನುವ ನಿಯಮ ಇದಕ್ಕಿಂತ ಒಳ್ಳೆಯದು. ನಮ್ಮಲ್ಲಿ ಯಾರಾದರೂ ಬ್ಯಾಣ, ಸೊಪ್ಪಿನಬೆಟ್ಟಕ್ಕೆ (ತೋಟಕ್ಕೆ ಸೊಪ್ಪು ತರುವ ಕಾಡಿಗೆ) ಯೋಜನೆ ಬರೆಯುವವರಿದ್ದರೆ ಇದೊಂದನ್ನು ಗುರುತು ಹಾಕಿಕೊಳ್ಳಿ.

ಮಳೆಕಾಡು (ಆಗುಂಬೆ)

ಬ್ಯಾಣದಂಚು ಅವರೇ, ನಿಮ್ಮ ಮಾತಿಗೆ ತಕರಾರಿಲ್ಲ. ಆದರೆ ಕಾಡಿನ ವಿಷಯದಲ್ಲಿ "ಹರಡಿದ್ದನ್ನು ಕಾಯಲು ಆಗಲಿಲ್ಲ" ಅನ್ನುವ ಕಾನುಮನೆಯವರ ಸಾಲನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನಾಚುರಾ 2000 ಅನ್ನುವ ಜಾಲ ಇಲ್ಲದಿದ್ದರೆ ಎರಡು ಜಾಗ ಇವತ್ತು ಹೀಗಿರುತ್ತಿರಲಿಲ್ಲ.

1979ರ ಪಕ್ಷಿ ನಿರ್ದೇಶನ, 1992ರ ಆವಾಸ ನಿರ್ದೇಶನ, ಇವೆರಡರ ಅಡಿಯಲ್ಲಿ ಗುರುತಿಸಿದ ತಾಣಗಳ ಜಾಲ ಅದು. ಒಕ್ಕೂಟದ ನೆಲದ ಸುಮಾರು ಶೇ. 18 ಇದರಲ್ಲಿದೆ. ಸೇರುವ ದಿನಕ್ಕೆ ಹೊಸ ದೇಶ ತನ್ನ ತಾಣಗಳ ಪಟ್ಟಿ ಕೊಡಬೇಕು. ಪೋಲೆಂಡ್ ಸರ್ಕಾರ 2004ರಲ್ಲಿ ಕೊಟ್ಟ ಪಟ್ಟಿ ಗಿಡ್ಡವಾಗಿತ್ತು. ಅಲ್ಲಿನ ಪರಿಸರ ಸಂಸ್ಥೆಗಳು ಬಿಟ್ಟುಹೋದ ತಾಣಗಳ "ನೆರಳು ಪಟ್ಟಿ" ಮಾಡಿ ಬ್ರಸೆಲ್ಸಿಗೆ ಕಳಿಸಿದವು.

ಆವಾಸ ನಿರ್ದೇಶನದ 6ನೇ ವಿಧಿ ಇಲ್ಲಿ ಬೆನ್ನೆಲುಬು. ತಾಣಕ್ಕೆ ಧಕ್ಕೆ ಆಗುವುದಿಲ್ಲ ಅಂತ ಖಾತ್ರಿಯಾದರೆ ಮಾತ್ರ ಯೋಜನೆಗೆ ಒಪ್ಪಿಗೆ. ಧಕ್ಕೆ ಇದೆ ಅಂತಾದರೆ ಬೇರೆ ದಾರಿ ಇಲ್ಲ ಅನ್ನುವುದನ್ನು ಮೊದಲು ತೋರಿಸಬೇಕು, ಆಮೇಲೆ ಮೀರಲಾಗದ ಸಾರ್ವಜನಿಕ ಅಗತ್ಯ, ಆಮೇಲೆ ಪರಿಹಾರ ಕಾಮಗಾರಿ. ಈ ಅನುಕ್ರಮ ತಪ್ಪಿಸುವಂತಿಲ್ಲ. ಪೋಲೆಂಡಿನ ಔಗುಸ್ಟುಫ್ ಊರಿಗೆ ಬೈಪಾಸ್ ಬೇಕಿತ್ತು, ಲಾರಿಗಳ ಕಾಟ ನಿಜವಾಗಿಯೂ ಇತ್ತು. ಆರಿಸಿದ ದಾರಿ ರೊಸ್ಪುದಾ ಕಣಿವೆಯ ಪೀಟ್ ಜೌಗಿನ ಮೇಲೆ ಹೋಗುತ್ತಿತ್ತು. ಪೀಟ್ ಅಂದರೆ ಪೂರ್ತಿ ಕೊಳೆಯದೆ ಉಳಿದ ಪಾಚಿ, ಗಿಡಗಳ ಪದರ, ಸ್ಪಂಜಿನ ಹಾಗೆ ನೀರು ಹಿಡಿದಿರುತ್ತದೆ. ಅಂಥ ಜೌಗಿನಲ್ಲಿ ಸೇತುವೆಯ ಕಂಬಕ್ಕೆಂದು ಅಗೆದರೆ, ಮಣ್ಣು ತುಂಬಿದರೆ ಒಳಗಿನ ನೀರಿನ ಹರಿವು ಬದಲಾಗುತ್ತದೆ, ಜೌಗು ಒಣಗಲು ಶುರು. 2007ರಲ್ಲಿ ಯುರೋಪಿಯನ್ ಆಯೋಗ (ಒಕ್ಕೂಟದ ಆಡಳಿತ ಸಂಸ್ಥೆ) ಒಕ್ಕೂಟದ ನ್ಯಾಯಾಲಯಕ್ಕೆ ಹೋಯಿತು, 2009ರಲ್ಲಿ ಪೋಲೆಂಡ್ ದಾರಿಯನ್ನು ಕಣಿವೆಯಿಂದ ಆಚೆ, ರಾಚ್ಕಿ ಕಡೆಗೆ ಬದಲಿಸಿತು. ಊರಿಗೆ ಬೈಪಾಸೂ ಸಿಕ್ಕಿತು, ಜೌಗೂ ಉಳಿಯಿತು.

ಇನ್ನೊಂದು, ಅದೇ ಪೋಲೆಂಡಿನ ಬಿಯಾವೊವೀಜಾ ಕಾಡು. ತೊಗಟೆ ದುಂಬಿ ಬಂದಿದೆ ಅನ್ನುವ ಕಾರಣ ಕೊಟ್ಟು 2016ರಲ್ಲಿ ಮರ ಕಡಿತದ ಮಿತಿಯನ್ನು ಸುಮಾರು ಮೂರು ಪಟ್ಟು ಏರಿಸಿದರು. ದುಂಬಿ ಬಿದ್ದ ಸ್ಪ್ರೂಸ್ ಸತ್ತು ನಿಂತರೆ ಅದನ್ನೇ ತಿಂದು ಬದುಕುವ ಜೀವಿಗಳು ಅಲ್ಲಿವೆ. ಆ ಕಾಡಿನ ವಿಶೇಷವೇ ಸತ್ತ ಮರ. 2017ರ ಜುಲೈನಲ್ಲಿ ನ್ಯಾಯಾಲಯ ತಡೆ ಕೊಟ್ಟಿತು, ನಿಲ್ಲಲಿಲ್ಲ. ನವೆಂಬರ್‌ನಲ್ಲಿ, ನಿಲ್ಲದಿದ್ದರೆ ದಿನಕ್ಕೆ ಕನಿಷ್ಠ 1 ಲಕ್ಷ ಯೂರೋ ದಂಡ ಅಂತ ಹೇಳಿತು, ಆಗ ಯಂತ್ರ ಹೊರಟವು. 2018ರ ಏಪ್ರಿಲ್ 17ರ ತೀರ್ಪಿನಲ್ಲಿ ಕಡಿತ ಕಾನೂನುಬಾಹಿರ ಅಂತಾಯಿತು. ಕಡಿದ ಮರ ಮಾತ್ರ ವಾಪಸು ಬರಲಿಲ್ಲ.

ನಮ್ಮಲ್ಲಿ ಪಶ್ಚಿಮ ಘಟ್ಟ ಕಾಯುವ ಬಗ್ಗೆ ಬಂದ ಕಸ್ತೂರಿರಂಗನ್ ವರದಿಯ ಕರಡಿಗೆ ಯಾಕೆ ಅಷ್ಟು ವಿರೋಧ ಬಂತು ಅನ್ನುವುದಕ್ಕೂ ಇದನ್ನು ಹೋಲಿಸಬಹುದು. ನಮ್ಮ ಕರಡು ಊರನ್ನೇ ಘಟಕ ಮಾಡಿತು. ಗ್ರಾಮದ ಶೇ. 20 ನೆಲ ಸೂಕ್ಷ್ಮವಾದರೆ ಇಡೀ ಗ್ರಾಮ ಪಟ್ಟಿಗೆ, ಕರ್ನಾಟಕದಲ್ಲೇ 20,668 ಚದರ ಕಿಲೋಮೀಟರ್. ನಾಚುರಾ ತಾಣ ಯಾವ ಜೀವಿಗೆ, ಯಾವ ಆವಾಸಕ್ಕೆ ಅಂತ ಹೆಸರು ಹೇಳಿ ಗಡಿ ಎಳೆಯುತ್ತದೆ, ಆ ಗಡಿಯೊಳಗೆ ಬೇಸಾಯ, ಮೇವು ಮುಂದುವರಿಯುತ್ತದೆ. ಎರಡನೇ ಕ್ರಮದಲ್ಲಿ "ನನ್ನ ತೋಟಕ್ಕೆ ಏನಾಗುತ್ತದೆ" ಅನ್ನುವ ಪ್ರಶ್ನೆಗೆ ಉತ್ತರ ಕೊಡಲು ಬರುತ್ತದೆ. ಮೊದಲನೆಯದರಲ್ಲಿ ಉತ್ತರ ಸಿಗದೆ ಜನ ಹೆದರಿದರು. ಶರಾವತಿ ಕಣಿವೆಯ 2,000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಯೋಜನೆಯ ಚರ್ಚೆಯಲ್ಲೂ ನಮಗೆ ಬೇಕಿರುವುದು 6ನೇ ವಿಧಿಯ ಆ ಅನುಕ್ರಮ: ಬೇರೆ ದಾರಿ ಇದೆಯೇ ಅನ್ನುವುದು ಮೊದಲ ಪ್ರಶ್ನೆ ಆಗಬೇಕು.

ಕಾನುಮನೆ (ಸಾಗರ)

ಒಪ್ಪಿದೆ, ಮಳೆಕಾಡು ಅವರೇ. ನನ್ನ ಸಾಲು ಹೀಗಿರಬೇಕಿತ್ತು: ಒಂದು ರಸ್ತೆ, ಒಂದು ಕಡಿತ, ಹೀಗೆ ಬೆರಳು ಮಾಡಿ ತೋರಿಸಲು ಆಗುವ ಕೆಲಸವಿದ್ದರೆ ಕಾಡಿಗೂ ಕಾನೂನು ನಿಲ್ಲುತ್ತದೆ. ಲಕ್ಷಾಂತರ ಮನೆ, ಲಕ್ಷಾಂತರ ಹೊಲದ ಸಣ್ಣ ಸಣ್ಣ ಬದಲಾವಣೆಗೆ ನಿಲ್ಲುವುದಿಲ್ಲ. ಹಳೇ ಕಾರಿನದ್ದೂ ಅದೇ. ಗಡಿ ತೆರೆದ 2004ರಲ್ಲೇ ಪೋಲೆಂಡಿಗೆ ಪಶ್ಚಿಮದಿಂದ 8 ಲಕ್ಷಕ್ಕೂ ಹೆಚ್ಚು ಬಳಸಿದ ಕಾರು ಬಂದವು. ಯಾವ ಒಂದು ಕಾರನ್ನೂ ನ್ಯಾಯಾಲಯಕ್ಕೆ ಎಳೆಯಲು ಆಗದು.

ಭದ್ರಾಕಣಿವೆ (ಚಿಕ್ಕಮಗಳೂರು)

ಗಣಿ ಬಿಟ್ಟುಹೋಗಿದೆ, ಚಿಕ್ಕದಾಗಿ ಸೇರಿಸುತ್ತೇನೆ. ರೊಮೇನಿಯಾ ಇನ್ನೂ ಹೊರಗಿದ್ದಾಗ, 2000ದ ಜನವರಿ 30ರಂದು ಬೈಯಾ ಮಾರೆಯಲ್ಲಿ ಚಿನ್ನ ತೆಗೆದು ಉಳಿದ ಕೆಸರಿನ ಕಟ್ಟೆ ಒಡೆದು ಸುಮಾರು 1 ಲಕ್ಷ ಘನಮೀಟರ್ ಸಯನೈಡ್ ನೀರು ಸೊಮೆಶ್, ಟಿಸಾ ಹೊಳೆಗಳ ಮೂಲಕ ಡ್ಯಾನ್ಯೂಬ್ ಸೇರಿತು. ಹಂಗೇರಿಯ ಭಾಗದಲ್ಲಿ ಮೀನು ಟನ್‌ಗಟ್ಟಲೆ ಸತ್ತವು. ಕಟ್ಟೆಯನ್ನು ಕೆಸರಿನಿಂದಲೇ ಎತ್ತರಿಸುತ್ತ ಹೋಗುವ ಪದ್ಧತಿ, ಅದಕ್ಕೆ ಮಳೆ ಮತ್ತು ಕರಗಿದ ಹಿಮ ಒಟ್ಟಿಗೆ ಸೇರಿ ನೀರು ಮೇಲೇರಿತು. ಅದರ ಪಾಠದಿಂದ 2006ರ ಗಣಿತ್ಯಾಜ್ಯ ನಿರ್ದೇಶನ ಬಂತು. ಹಳೇ ಕೊಳಗಳಲ್ಲಿ ಸಯನೈಡ್ ಹತ್ತು ಲಕ್ಷಕ್ಕೆ 50 ಭಾಗದಿಂದ 2013ಕ್ಕೆ 25, 2018ಕ್ಕೆ 10ಕ್ಕೆ ಇಳಿಯಬೇಕು. ಆದರೂ ಒಕ್ಕೂಟದೊಳಗೇ ಇದ್ದ ಹಂಗೇರಿಯ ಅಯ್ಕಾದಲ್ಲಿ 2010ರ ಅಕ್ಟೋಬರ್ 4ರಂದು ಅಲ್ಯುಮಿನಾ ಕಾರ್ಖಾನೆಯ ಕೆಂಪು ಕೆಸರಿನ ಕಟ್ಟೆ ಒಡೆದು ಹತ್ತು ಜನ ಸತ್ತರು. ಮುಟ್ಟಿದರೆ ಚರ್ಮ ಸುಡುವಷ್ಟು ಕ್ಷಾರ ಇದ್ದ ಆ ಕೆಸರಿಗೆ ಕಾಗದದಲ್ಲಿ "ಅಪಾಯಕಾರಿ ಅಲ್ಲ" ಅನ್ನುವ ವರ್ಗ ಕೊಟ್ಟಿದ್ದರು. ಕುದುರೆಮುಖದ ಗಣಿ 2005ರ ಕೊನೆಗೆ ನಿಂತಿದೆ, ಲಕ್ಯಾ ಅಣೆಕಟ್ಟಿನ ಹಿಂದಿನ ಹೂಳು ಅಲ್ಲೇ ಇದೆ. ಗಣಿ ಮುಚ್ಚಿದ ಮೇಲೂ ಕಟ್ಟೆ ನೋಡಿಕೊಳ್ಳುವವರು ಬೇಕು ಅನ್ನುವುದನ್ನು ಆ ನಿರ್ದೇಶನ ಗಣಿ ನಡೆಸಿದವರ ಮೇಲೆಯೇ ಹೊರಿಸುತ್ತದೆ, ಮುಂಗಡ ಠೇವಣಿ ಸಮೇತ.

ಕಾಫಿಕಣ (ಕೊಪ್ಪ)

ನಮಗೆ ತಟ್ಟುವುದು ಹೀಗೆ. ಯಾವುದೇ ದೇಶ ಸೇರಿದ ದಿನದಿಂದ ಅದರ ಬಂದರಿನಲ್ಲೂ ಒಕ್ಕೂಟದ ಆಮದು ನಿಯಮವೇ. ನಿನ್ನೆಯವರೆಗೆ ಸಡಿಲವಿದ್ದ ಮಾರುಕಟ್ಟೆ ಇವತ್ತು ಬಿಗಿ.

ಕಾಫಿಗೆ 2023ರ ಅರಣ್ಯನಾಶ ನಿಯಮ. ಅದರಲ್ಲಿ ಏಳು ಸರಕು ಇವೆ: ದನ, ಕೋಕೋ, ಕಾಫಿ, ತಾಳೆ, ರಬ್ಬರ್, ಸೋಯಾ, ಮರ. ಜಾರಿಯ ದಿನ ಮುಂದೆ ಹೋಗಿದೆ, ಆದರೆ ಮೂಲ ತಾರೀಖು ಬದಲಾಗಿಲ್ಲ: 2020 ಡಿಸೆಂಬರ್ 31ರ ನಂತರ ಕಾಡು ಕಡಿದು ಮಾಡಿದ ತೋಟದ ಕಾಫಿ ಹೋಗುವಂತಿಲ್ಲ. ತೋಟ ಎಲ್ಲಿದೆ ಅಂತ ತೋರಿಸಬೇಕು: 4 ಹೆಕ್ಟೇರ್, ಅಂದರೆ ಹತ್ತು ಎಕರೆಗೆ ಸ್ವಲ್ಪ ಕಡಿಮೆ, ಅಲ್ಲಿಯವರೆಗಿನ ತೋಟಕ್ಕೆ ನಕ್ಷೆಯ ಒಂದು ಬಿಂದು ಸಾಕು. ಅದಕ್ಕಿಂತ ದೊಡ್ಡದಕ್ಕೆ ಗಡಿಯ ಪೂರ್ತಿ ಬಹುಭುಜ. ಅಕ್ಷಾಂಶ, ರೇಖಾಂಶ ದಶಮಾಂಶದ ನಂತರ ಆರು ಅಂಕಿ ಇರಬೇಕು. ಮೊಬೈಲಿನಲ್ಲಿ ನಾಲ್ಕು ಅಂಕಿ ಬರೆದುಕೊಂಡು ಎರಡು ಸೊನ್ನೆ ಸೇರಿಸಿದರೆ ಬಿಂದು ಹತ್ತು ಮೀಟರ್ ಆಚೀಚೆ ಹೋಗುತ್ತದೆ. ಕಾನಿಗೆ ತಾಗಿದ ತೋಟವಾದರೆ ಆ ಬಿಂದು ಕಾಡಿನೊಳಗೇ ಬೀಳಬಹುದು. ದಟ್ಟ ನೆರಳಿನಡಿ ಜಿಪಿಎಸ್ ಸರಿಯಾಗಿ ಹಿಡಿಯುವುದಿಲ್ಲ, ಕಣದ ಬಯಲಲ್ಲಿ ನಿಂತು ಹಿಡಿದು ನಕ್ಷೆಯ ಮೇಲೆ ಹೋಲಿಸಿಕೊಳ್ಳಿ. ನಮ್ಮ ಮರದ ನೆರಳಿನ ತೋಟ ಉಪಗ್ರಹಕ್ಕೆ ಕಾಡಿನಂತೆಯೇ ಕಾಣುತ್ತದೆ. ಆಮೇಲೆ ನೆರಳು ಸವರಿದಾಗ "ಕಾಡು ಹೋಯಿತು" ಅಂತ ಗುರುತು ಬೀಳುವ ಅಪಾಯ ಇರುವುದರಿಂದ, 2020ಕ್ಕಿಂತ ಹಿಂದಿನ ಪಹಣಿಯಲ್ಲಿ ಕಾಫಿ ಬೆಳೆ ನಮೂದಾದ ಪ್ರತಿ ತೆಗೆದಿಟ್ಟುಕೊಳ್ಳಿ.

ಕಾಳುಮೆಣಸಿಗೆ ಕೀಟನಾಶಕದ ಉಳಿಕೆ ಮಿತಿ. ಪ್ರತ್ಯೇಕ ಮಿತಿ ಹೇಳದ ಔಷಧಿಗೆಲ್ಲ ಕಿಲೋಗೆ 0.01 ಮಿಲಿಗ್ರಾಂ. ಕ್ಲೋರ್‌ಪೈರಿಫಾಸ್ ಅನ್ನುವ ಕೀಟನಾಶಕಕ್ಕೆ 2020ರಲ್ಲಿ ಅಲ್ಲಿ ಒಪ್ಪಿಗೆ ನಿಂತಿತು. ಅಡಿಕೆ ಬುಡಕ್ಕೆ ಸುರಿದರೂ ಅದೇ ಮರಕ್ಕೆ ಹಬ್ಬಿಸಿದ ಬಳ್ಳಿಗೆ ತಾಗುತ್ತದೆ ಅನ್ನುವುದು ನೆನಪಿರಲಿ.

ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಬಗ್ಗೆಯೂ ಕೇಳಿ. ಇದು ಅವರ ನೆಲದಲ್ಲಿ ಹೊಡೆಯುವವರಿಗೆ ಇರುವ ನಿಯಮ, ನಮ್ಮ ಮೇಲೆ ಇಲ್ಲ. ಹೊಸದಾಗಿ ಸೇರಿದ ಕ್ರೊಯೇಷಿಯಾ, ರೊಮೇನಿಯಾದ ದ್ರಾಕ್ಷಿಯವರೂ ಇದಕ್ಕೆ ಬರುತ್ತಾರೆ: ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ ತಾಮ್ರ, ಸರಾಸರಿ ವರ್ಷಕ್ಕೆ 4. ಮೈಲುತುತ್ತದಲ್ಲಿ ತಾಮ್ರ ಕಾಲು ಭಾಗ. ಅಂದರೆ ವರ್ಷಕ್ಕೆ ಎಕರೆಗೆ ಸುಮಾರು 6.4 ಕಿಲೋ ಮೈಲುತುತ್ತ, ಶೇ. 1ರ ದ್ರಾವಣ 640 ಲೀಟರ್. ನಮ್ಮ ಎಕರೆಯ 550 ಅಡಿಕೆ ಮರಕ್ಕೆ ಸಲಕ್ಕೆ ಒಂದೊಂದು ಲೀಟರ್ ಹಿಡಿದರೂ ಎರಡು ಸುತ್ತಿಗೆ 1,100 ಲೀಟರ್ ಆಯಿತು. ತಾಮ್ರ ಕೊಳೆಯುವ ವಸ್ತು ಅಲ್ಲ, ಮಣ್ಣಿನ ಮೇಲ್ಪದರದಲ್ಲೇ ನಿಲ್ಲುತ್ತದೆ, ಎರೆಹುಳುವಿಗೆ ಕೇಡು. ಕೊಳೆರೋಗದ ಭಯ ಇರುವಾಗ ಹೊಡೆಯಬೇಡಿ ಅನ್ನಲು ಆಗದು. ಗೊನೆಗೆ ಮಾತ್ರ ಬೀಳುವಂತೆ ನಾಜಲ್ ಸರಿಮಾಡಿಕೊಂಡು, ಗೊನೆಗೆ ಕೊಟ್ಟೆ (ಮಳೆ ತಡೆಯುವ ಹೊದಿಕೆ) ಕಟ್ಟಲು ಆಗುವ ಕಡೆ ಕಟ್ಟಿ ಒಂದು ಸುತ್ತು ಕಡಿಮೆ ಮಾಡಬಹುದು.

ತುಂಗಾತೀರ

ಇಷ್ಟು ಸಿಗುತ್ತದೆ ಅಂತ ಎಣಿಸಿರಲಿಲ್ಲ, ಎಲ್ಲರಿಗೂ ಕೃತಜ್ಞತೆ. ಕೊನೆಯ ಪ್ರಶ್ನೆ: ಮುಂದೆ ಸೇರಲಿರುವ ಒಂದು ದೇಶವನ್ನು ವಿದ್ಯಾರ್ಥಿಗಳು ಹಿಂಬಾಲಿಸಿ ನೋಡಬೇಕು ಅಂದರೆ ಯಾವುದು, ಏನು ನೋಡಬೇಕು?

ಮಳೆಕಾಡು (ಆಗುಂಬೆ)

ಮಾಂಟೆನೆಗ್ರೊ ತೆಗೆದುಕೊಳ್ಳಿ. 27ನೇ ಅಧ್ಯಾಯ ಅಲ್ಲಿ 2018ರ ಡಿಸೆಂಬರ್‌ನಲ್ಲಿ ತೆರೆಯಿತು. ಮುಚ್ಚುವ ಷರತ್ತಿನಲ್ಲಿ ಒಂದು ಜಾಗದ ಹೆಸರೇ ಇದೆ, ಉಲ್ಚಿನ್ ಉಪ್ಪಿನ ಗದ್ದೆ, ಸುಮಾರು 1,500 ಹೆಕ್ಟೇರ್. ಉಪ್ಪು ತೆಗೆಯುವುದು 2013ರಲ್ಲಿ ನಿಂತಿತು. ಆ ಗದ್ದೆಗೆ ಸಮುದ್ರದ ನೀರನ್ನು ಪಂಪಿನಿಂದ ಎತ್ತಬೇಕು. ಪಂಪ್ ನಿಂತರೆ ಮಳೆನೀರು ತುಂಬಿ ಉಪ್ಪು ತೆಳುವಾಗುತ್ತದೆ, ಉಪ್ಪುನೀರಿನ ಸೀಗಡಿ ಹೋಗುತ್ತದೆ, ಅದನ್ನು ತಿನ್ನುವ ಫ್ಲೆಮಿಂಗೊಗೆ ಮೇವಿಲ್ಲ. ಬದು ಒಡೆದರೆ ನಡುಗಡ್ಡೆಯ ಗೂಡಿಗೆ ನಾಯಿ, ನರಿ ನಡೆದೇ ಬರುತ್ತವೆ. 2019ರಲ್ಲಿ ಅದನ್ನು ರಕ್ಷಿತ ತಾಣ ಅಂತ ಘೋಷಿಸಿದರು. ಆದರೆ ಘೋಷಣೆಯಿಂದ ನೀರು ಮೇಲೇರುವುದಿಲ್ಲ.

ನಿಮ್ಮ ವಿದ್ಯಾರ್ಥಿಗಳು ಪ್ರತಿ ವರ್ಷ ಶರತ್ಕಾಲದಲ್ಲಿ ಹೊರಬರುವ ಆಯೋಗದ ವರದಿಯಲ್ಲಿ 27ನೇ ಅಧ್ಯಾಯದ ಪುಟ ತೆಗೆದು, ಉಲ್ಚಿನ್ ಬಗ್ಗೆ ಹಿಂದಿನ ವರ್ಷ ಏನಿತ್ತು, ಈ ವರ್ಷ ಏನಿದೆ ಅಂತ ಪಕ್ಕಪಕ್ಕ ಇಟ್ಟು ಓದಲಿ. "ಯೋಜನೆ ಸಿದ್ಧವಾಗಿದೆ" ಅನ್ನುವ ಸಾಲನ್ನು ಬಿಟ್ಟು, ಪಂಪ್, ಬದು, ತೂಬು ರಿಪೇರಿಯಾಯಿತೇ, ನೋಡಿಕೊಳ್ಳಲು ಸಂಬಳದ ಜನ ಇದ್ದಾರೆಯೇ ಅನ್ನುವುದನ್ನು ಹುಡುಕಲಿ. ಗುಡವಿ, ಮಂಡಗದ್ದೆ ಪಕ್ಷಿಧಾಮಗಳಿಗೆ ಹಕ್ಕಿ ಬರುವ ತಿಂಗಳಲ್ಲಿ ನೀರಿನ ಮಟ್ಟ ಬರೆದುಕೊಳ್ಳುವ ಅಭ್ಯಾಸ ಇರುವ ಮಕ್ಕಳಿದ್ದರೆ ಆ ವರದಿಯಲ್ಲಿ ಏನು ಬಿಟ್ಟುಹೋಗಿದೆ ಅಂತ ಅವರೇ ಹಿಡಿಯುತ್ತಾರೆ.